ಹಾಕೋದು ಸುಲಭ, ಕೆಟ್ಟರೆ ಯಾರು ನೋಡ್ತಾರೆ? ನಮ್ಮ ಜೆರಾಕ್ಸ್ ಅಂಗಡಿಯ ಅನುಭವ

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲವನ್ನೂ ಜನ ನನ್ನ ಫೋನಿಗೆ ವಾಟ್ಸಾಪ್ ಮಾಡಿ "ಅಣ್ಣಾ, ಎರಡು ಕಾಪಿ" ಅಂತಾರೆ. ಒಂದು ಸಂಜೆ ಮಗಳು ಅದೇ ಫೋನಿನಲ್ಲಿ ದುಗ್ಗಮ್ಮನ ಜಾತ್ರೆಯ ಫೋಟೋ ಹುಡುಕುತ್ತಿದ್ದಳು. ಜಾತ್ರೆಯ ಫೋಟೋ ಸಿಗುವ ಮೊದಲು ಅವಳಿಗೆ ಸಿಕ್ಕಿದ್ದು ಒಬ್ಬ ಅಜ್ಜಿಯ ವಿಧವಾ ವೇತನದ ಅರ್ಜಿ. ಹೆಬ್ಬೆಟ್ಟಿನ ಗುರುತೂ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಕೆಳಗೆ ಸಾಲುಸಾಲು ಆಧಾರ್. ಎಲ್ಲವೂ ತಾನಾಗಿಯೇ ನನ್ನ ಕ್ಲೌಡ್ ಖಾತೆಗೆ ಹೋಗಿ ಕೂತಿದ್ದವು. ಅವರ್‍ಯಾರೂ ನನಗೆ ಅದನ್ನು ಇಟ್ಟುಕೋ ಅಂತ ಕೊಟ್ಟಿರಲಿಲ್ಲ, ಅಲ್ವಾ? ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಅಲ್ಲಿಂದ ನನ್ನ ಮತ್ತು ಗಿರಾಕಿಗಳ ಮಾಹಿತಿ ಬೇರೆಯವರ ಕೈಗೆ ಹೋಗದ ಹಾಗೆ, ಬಳಸುವ ಆ್ಯಪ್‌, ಸಾಫ್ಟ್‌ವೇರುಗಳನ್ನು ಒಂದೊಂದೇ ಬದಲಿಸುತ್ತಾ ಬಂದೆ. ಎರಡು ವರ್ಷ ಆಯಿತು. ಪ್ರತಿಯೊಂದಕ್ಕೂ ಅಂಗಡಿಯ ಲೆಕ್ಕದ ಪುಸ್ತಕದ ಹಿಂದೆ ಪೆನ್ಸಿಲ್‌ನಲ್ಲಿ ಅಂಕ ಬರೆದಿಟ್ಟಿದ್ದೇನೆ. 1 ಅಂದರೆ ಕೌಂಟರಿನಲ್ಲಿ ನಿಂತವರು ಯಾರು ಬೇಕಾದರೂ ಮಾಡಬಹುದು. 5 ಅಂದರೆ ಅದನ್ನೇ ಕೆಲಸ ಮಾಡಿಕೊಂಡವರಿಗೆ ಮಾತ್ರ. ಮೊದಲು ಹಾಕಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ ಅಂಕ ಕೊಡುತ್ತಿದ್ದೆ. ಅದು ತಪ್ಪು ಅಂತ ಆಮೇಲೆ ಗೊತ್ತಾಯಿತು. ಹಾಕೋದು ಹತ್ತು ನಿಮಿಷದ ಕೆಲಸ. ಆರು ತಿಂಗಳ ನಂತರ ಕೆಟ್ಟು ನಿಂತಾಗ ಸರಿಮಾಡಲು ಎಷ್ಟು ತಿಳಿದಿರಬೇಕು ಅನ್ನೋದೇ ನಿಜವಾದ ಅಳತೆ.

ಬ್ರೌಸರಿಗೆ ಫೈರ್‌ಫಾಕ್ಸ್, ಅದರೊಳಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್, ಗೂಗಲ್ ಬದಲು ಹುಡುಕಲು ಡಕ್‌ಡಕ್‌ಗೋ. ಇದಕ್ಕೆ 1. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ ಯುಬ್ಲಾಕ್ ನಡೆಯುತ್ತದೆ. ನನ್ನ ಅಮ್ಮನ ಫೋನಿಗೆ ಹಾಕಿಕೊಟ್ಟು ಮರೆತೇ ಬಿಟ್ಟಿದ್ದೇನೆ, ಇವತ್ತಿನವರೆಗೂ ಒಂದು ದೂರು ಬಂದಿಲ್ಲ. ಹಾಗೇ ಮಾಸ್ಕ್ಡ್ ಆಧಾರ್. ಅದು ಸಾಫ್ಟ್‌ವೇರ್ ಅಲ್ಲ ನಿಜ, ಆದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಈ ಪ್ರತಿಯನ್ನು ಆಧಾರ್ ವೆಬ್‌ಸೈಟಿನಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸಾಲುವ ಕಡೆ ಅದನ್ನೇ ಕೊಡಿ ಅಂತ ಗಿರಾಕಿಗಳಿಗೆ ಈಗ ನಾನೇ ಹೇಳುತ್ತೇನೆ.

ಮೆಸೇಜ್ ಕಳಿಸುವ ಸಿಗ್ನಲ್ ಆ್ಯಪ್‌ಗೆ 2. ಬಳಸುವುದು ವಾಟ್ಸಾಪ್‌ನಷ್ಟೇ ಸುಲಭ. ಆದರೆ ಎದುರಿನವರೂ ಅದರಲ್ಲಿ ಇರಬೇಕಲ್ಲ! ಅಂಗಡಿಗೆ ಬರುವವರಿಗೆ ಸಿಗ್ನಲ್ ಹಾಕಿಕೊಳ್ಳಿ ಅಂದರೆ ಆಗೋದಿಲ್ಲ, ಅವರಿಗೆ ಬಸ್ಸಿಗೆ ಹೊತ್ತಾಗಿರುತ್ತದೆ. ಮನೆಯವರು, ಇಬ್ಬರು ಗೆಳೆಯರು, ನನ್ನ ಆಡಿಟರ್, ಇಷ್ಟೇ ಜನ ಬಂದರು. ಒಂದು ಅಂಕ ಜಾಸ್ತಿ ಕೊಟ್ಟಿದ್ದು ಬ್ಯಾಕಪ್‌ಗಾಗಿ. ಅದನ್ನು ನಾವೇ ಆನ್ ಮಾಡಬೇಕು, ಅದರ ಕೀಲಿಯನ್ನು ನಾವೇ ಬರೆದಿಟ್ಟುಕೊಳ್ಳಬೇಕು.

ಪಾಸ್‌ವರ್ಡ್ ಇಡಲು ಬಿಟ್‌ವಾರ್ಡನ್‌ಗೆ 2, ಕೀಪಾಸ್‌ಎಕ್ಸ್‌ಸಿಗೆ 3. ಎರಡೂ ಒಳ್ಳೆಯವೇ. ಬಿಟ್‌ವಾರ್ಡನ್‌ನಲ್ಲಿ ಫೋನ್ ಕಳೆದರೂ ಇನ್ನೊಂದು ಫೋನಿನಲ್ಲಿ ಲಾಗಿನ್ ಆದರೆ ಎಲ್ಲ ವಾಪಸ್ ಬರುತ್ತದೆ. ಕೀಪಾಸ್‌ಎಕ್ಸ್‌ಸಿಯಲ್ಲಿ ಎಲ್ಲವೂ ಒಂದೇ ಫೈಲು, ಅದು ನಿಮ್ಮ ಹತ್ತಿರ ಮಾತ್ರ. ಫೈಲು ಹೋಯಿತು ಅಂದರೆ ಹೋಯಿತು. ಮುಖ್ಯ ಪಾಸ್‌ವರ್ಡ್ ಮರೆತರೆ ಎರಡರಲ್ಲೂ ಯಾರೂ ತೆಗೆದುಕೊಡಲ್ಲ. ನಾನು ಅದನ್ನು ಕಾಗದದ ಮೇಲೆ ಬರೆದು ಮನೆಯ ಬೀರುವಿನಲ್ಲಿ, ಸೈಟಿನ ಪತ್ರದ ಜೊತೆ ಇಟ್ಟಿದ್ದೇನೆ. ಹೆಂಡತಿಗೂ ಜಾಗ ಗೊತ್ತು.

ನನಗೆ ಪೆಟ್ಟು ಕೊಟ್ಟಿದ್ದು ಸಿಂಕ್‌ಥಿಂಗ್. ತಪ್ಪು ಅದರದ್ದಲ್ಲ, ನನ್ನದು. ಫೋನಿಗೂ ಅಂಗಡಿಯ ಕಂಪ್ಯೂಟರಿಗೂ ನಡುವೆ ಯಾವ ಕಂಪನಿಯ ಕ್ಲೌಡೂ ಇಲ್ಲದೆ ನೇರವಾಗಿ ಫೈಲು ಹೋಗುತ್ತದೆ ಅಂತ ತುಂಬಾ ಖುಷಿಪಟ್ಟಿದ್ದೆ. ಎರಡು ಕಡೆ ಫೈಲಿದೆ, ಹಾಗಾಗಿ ಬ್ಯಾಕಪ್ ಆಗಿದೆ ಅಂದುಕೊಂಡಿದ್ದೆ. ಒಂದು ದಿನ ಡಿಸ್ಕ್ ತುಂಬಿತು ಅಂತ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಅಳಿಸಿದೆ, ಫೋನಿನಲ್ಲಿ ಹೇಗೂ ಇದೆಯಲ್ಲ ಅಂತ. ಮಧ್ಯಾಹ್ನ ಫೋನ್ ತೆಗೆದು ನೋಡಿದರೆ ಅಲ್ಲೂ ಖಾಲಿ. ಎರಡು ಕಡೆ ಒಂದೇ ಥರ ಇಡುವುದು ಅದರ ಕೆಲಸ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ. ಹಳೆಯ ಪ್ರತಿ ಉಳಿಸಿಕೊಳ್ಳುವ ಸೆಟ್ಟಿಂಗ್ ಇದೆ, ಆದರೆ ಅದನ್ನು ನಾವೇ ಹಾಕಿಕೊಳ್ಳಬೇಕು. ಮೂರು ವರ್ಷದ ಮದುವೆ ಕಾರ್ಡಿನ ಡಿಸೈನುಗಳು ಹೋದವು. ಅದರಲ್ಲಿ ಈಗಿಲ್ಲದ ನನ್ನ ಅಣ್ಣನ ಮದುವೆಯದೂ ಒಂದಿತ್ತು. ಸಾಲದ್ದಕ್ಕೆ 2024ರ ಡಿಸೆಂಬರ್‌ನಲ್ಲಿ ಅದರ ಮೂಲ ಆಂಡ್ರಾಯ್ಡ್ ಆ್ಯಪ್ ನಿಂತಿತು, ಸಿಂಕ್‌ಥಿಂಗ್ ಫೋರ್ಕ್ ಅನ್ನುವ ಇನ್ನೊಂದಕ್ಕೆ ಹೋಗಬೇಕಾಯಿತು. ಮೊದಲು 2 ಕೊಟ್ಟಿದ್ದೆ, ಹೊಡೆದು 4 ಮಾಡಿದ್ದೇನೆ. ಈಗಲೂ ಬಳಸುತ್ತೇನೆ, ಜೊತೆಗೆ ಪ್ರತಿ ಭಾನುವಾರ ಹೊರಗಿನ ಹಾರ್ಡ್ ಡಿಸ್ಕ್‌ಗೆ ಬೇರೆ ಕಾಪಿ ತೆಗೆಯುತ್ತೇನೆ.

ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕುವ ಲಿನಕ್ಸ್ ಮಿಂಟ್‌ಗೆ ಎಷ್ಟು ಕೊಡಲಿ? ಮನೆಗಾದರೆ 2, ಬ್ರೌಸರ್ ಮತ್ತು ಲಿಬ್ರೆ ಆಫೀಸ್ ಇದ್ದರೆ ಸಾಕು. ಕನ್ನಡದ ಡಿಟಿಪಿ ಅಂಗಡಿಗೆ 4. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಅಪ್‌ಡೇಟ್ ನಿಂತ ಮೇಲೆ ಹಳೆಯ ಒಂದು ಮಷಿನ್‌ಗೆ ಮಿಂಟ್ ಹಾಕಿದೆ. ಪ್ರಿಂಟರ್ ತಾನೇ ಸಿಕ್ಕಿತು. ಟೈಪಿಂಗೂ ತೊಂದರೆ ಇಲ್ಲ, ಭಾಷೆಯ ಕೀಲಿಮಣೆ ಬದಲಿಸುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಆರಿಸಿಕೊಂಡರೆ, ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಪಳಗಿದ ಬೆರಳಿಗೆ ಅಕ್ಷರಗಳು ಅದೇ ಜಾಗದಲ್ಲಿ ಸಿಗುತ್ತವೆ, ಒತ್ತಿಗೆ ಅದೇ ಎಫ್ ಕೀ. ಕಷ್ಟ ಆಗಿದ್ದು ಗಿರಾಕಿಗಳು ಪೆನ್ ಡ್ರೈವಿನಲ್ಲಿ ತರುವ ಹಳೆಯ ನುಡಿ, ಬರಹ ಫೈಲುಗಳಲ್ಲಿ. ಅವು ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುವ ಯೂನಿಕೋಡ್ ಅಕ್ಷರಗಳಲ್ಲ. ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಫಾಂಟ್ ತಂದು ಹಾಕಿದರೂ ಲಗ್ನಪತ್ರಿಕೆಯಲ್ಲಿ ಸಾಲುಗಳು ಅತ್ತಿತ್ತ ಸರಿಯುತ್ತವೆ. ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನ ಫೈಲು ಬಂದರಂತೂ ವಿಂಡೋಸ್ ಮಷಿನ್ನೇ ಗತಿ. ಹಾಗಾಗಿ ಅದೊಂದನ್ನು ಉಳಿಸಿಕೊಂಡಿದ್ದೇನೆ, ಇಂಟರ್ನೆಟ್ ಕೇಬಲ್ ಮಾತ್ರ ತೆಗೆದಿದ್ದೇನೆ.

5 ಅಂಕ ನಮ್ಮದೇ ಕ್ಲೌಡ್ ನಡೆಸಲು ಬಳಸುವ ನೆಕ್ಸ್ಟ್‌ಕ್ಲೌಡ್‌ಗೆ. ಹಳೆಯ ಲ್ಯಾಪ್‌ಟಾಪಿನಲ್ಲಿ ನನ್ನದೇ ಸರ್ವರ್ ಮಾಡಿ ನಾಲ್ಕು ತಿಂಗಳು ನಡೆಸಿದೆ. ಮನೆಯ ಇಂಟರ್ನೆಟ್ ಸಂಪರ್ಕಕ್ಕೆ ಹೊರಗಿನಿಂದ ತಲುಪುವಂಥ ಸ್ವಂತ ವಿಳಾಸ ಇರಲಿಲ್ಲ, ಅದಕ್ಕೊಂದು ದಾರಿ ಹುಡುಕಲು ಎರಡು ವಾರ ಹೋಯಿತು. ಆಮೇಲೆ ಅಪ್‌ಡೇಟ್. ದೊಡ್ಡ ಆವೃತ್ತಿಗಳನ್ನು ಹಾರಿಸಿಕೊಂಡು ಹೋಗುವ ಹಾಗಿಲ್ಲ, ಒಂದೊಂದೇ ಮೆಟ್ಟಿಲು ಹತ್ತಬೇಕು, ಮಧ್ಯೆ ಕರೆಂಟ್ ಹೋದರೆ ಅಲ್ಲೇ ನಿಲ್ಲುತ್ತದೆ. ನನಗೆ ನಿಂತಿತು. ಸರಿಮಾಡಿದೆ, ಆದರೆ ಆಗ ಭಯವಾಯಿತು. ಸರಿಯಾಗಿ ಅಪ್‌ಡೇಟ್ ಆಗದ ಸರ್ವರ್ ಇಂಟರ್ನೆಟ್‌ಗೆ ತೆರೆದುಕೊಂಡಿದ್ದರೆ ಅದರಲ್ಲಿರುವ ಕಾಗದಪತ್ರ ಮೊದಲಿಗಿಂತ ಕಡಿಮೆ ಸುರಕ್ಷಿತ. ಸುಮ್ನೆ ಹಟ ಮಾಡಬಾರದು ಅನ್ನಿಸಿತು. ಅವತ್ತೇ ಬಂದ್ ಮಾಡಿದೆ. ಫೋನಿನ ಮೂಲ ಆಂಡ್ರಾಯ್ಡ್ ಬದಲು ಹಾಕುವ ಗ್ರಾಫೀನ್ ಓಎಸ್ ಬಗ್ಗೆ ಕೇಳುವವರಿದ್ದಾರೆ. ಅದಕ್ಕೆ ಪಿಕ್ಸೆಲ್ ಫೋನ್ ಬೇಕು, ನನ್ನ ಹತ್ತಿರ ಇಲ್ಲ. ಬಳಸದೆ ಅಂಕ ಕೊಡುವುದಿಲ್ಲ.

ಗಿರಾಕಿಗಳ ಕಾಗದಕ್ಕೆ ಕೊನೆಗೆ ಉಳಿದಿದ್ದು 1 ಅಂಕದ ಕೆಲಸ. ಅಂಗಡಿಗೆ ಬೇರೆ ಫೋನ್ ಇಟ್ಟೆ, ಅದರಲ್ಲಿ ಫೋಟೋ ಬ್ಯಾಕಪ್ ಆಫ್. ವಾಟ್ಸಾಪ್‌ನಲ್ಲಿ ಬಂದ ಫೋಟೋ ತಾನಾಗಿ ಗ್ಯಾಲರಿಗೆ ಹೋಗದ ಹಾಗೆ ಮಾಡಿದ್ದೇನೆ, ಮೆಸೇಜು 24 ಗಂಟೆಯಲ್ಲಿ ಮಾಯವಾಗುವ ಸೆಟ್ಟಿಂಗೂ ಹಾಕಿದ್ದೇನೆ. ರಾತ್ರಿ ಶಟರ್ ಎಳೆಯುವ ಮುಂಚೆ ಪ್ರಿಂಟಿಗೆ ಇಳಿಸಿದ ಫೋಲ್ಡರ್ ಖಾಲಿ ಮಾಡುತ್ತೇನೆ. ಕೆಲಸಕ್ಕಿರುವ ಹುಡುಗನಿಗೂ ಕಲಿಸಿದ್ದೇನೆ. ಮೊನ್ನೆ ನಾನು ಹರಿಹರಕ್ಕೆ ಹೋಗಿದ್ದಾಗ ಅವನೇ ಫೋನ್ ಮಾಡಿ, "ಅಣ್ಣಾ, ರಿಸೈಕಲ್ ಬಿನ್ನೂ ಖಾಲಿ ಮಾಡ್ಲಾ?" ಅಂತ ಕೇಳಿದ.