ಲೋಳೆಸರದ ತುಂಡಿನ ಕಹಿ ಹೋಗಿದ್ದು ಹೀಗೆ

ಶರಬತ್ತಿಗೆ ಹಾಕೋಕೆ ಲೋಳೆಸರದ ತುಂಡು ಮಾಡಿಟ್ರೆ ಪ್ರತಿ ಸಲ ಗಂಟಲಲ್ಲಿ ಕಹಿ ಉಳೀತಿತ್ತು, ಫ್ರಿಜ್ಜಲ್ಲಿಟ್ಟ ತುಂಡು ತಿಳಿ ಗುಲಾಬಿ ಬಣ್ಣಕ್ಕೂ ತಿರುಗ್ತಿತ್ತು.

ಸಕ್ಕರೆ ಜಾಸ್ತಿ ಮಾಡಿದ್ದಾಯ್ತು, ಪುದೀನ ಏಲಕ್ಕಿ ಹಾಕಿದ್ದಾಯ್ತು, ಉಪ್ಪು ಹಚ್ಚಿ ತೊಳೆದಿದ್ದಾಯ್ತು, ಯಾವುದೂ ಕೆಲಸ ಮಾಡ್ಲಿಲ್ಲ. ತುಂಬಾ ಹೊತ್ತು ಕುದಿಸಿದ್ರೆ ತುಂಡು ಕುಗ್ಗುತ್ತೆ ಅಷ್ಟೇ.

ಕಹಿ ಇರೋದು ಒಳಗಿನ ಲೋಳೇಲಿ ಅಲ್ಲ, ಸಿಪ್ಪೆಗೆ ಅಂಟಿಕೊಂಡಿರೋ ಹಳದಿ ರಸದಲ್ಲಿ. ಅದರಲ್ಲಿರೋ ಅಲೋಯಿನ್ ಅನ್ನೋ ಕಹಿ ಅಂಶ ಭೇದಿ ಮಾಡಿಸುತ್ತೆ, ಹಾಗಾಗಿ ರುಚಿ ಮುಚ್ಚಿದ್ರೆ ಸಾಲದು, ತೆಗೀಲೇಬೇಕು.

ಹೊರಗಿನ ದಪ್ಪ ಎಲೆ ಬುಡದಲ್ಲಿ ಕೊಯ್ದು, ಕೊಯ್ದ ಕಡೆ ಕೆಳಗೆ ಮಾಡಿ ಲೋಟದಲ್ಲಿ 1 ಗಂಟೆಗೂ ಮೇಲೆ ನೇರ ನಿಲ್ಲಿಸಿ, ಹಳದಿ ರಸ ಇಳಿದು ಕೆಳಗೆ ನಿಲ್ಲುತ್ತೆ, ಅದನ್ನ ಚೆಲ್ಲಿ. ಬುಡದ ಕಡೆ 1 ಇಂಚು, ತುದಿ 2 ಇಂಚು, ಮುಳ್ಳಿನ ಅಂಚು ಕತ್ತರಿಸಿ ಎಸೀರಿ. ಸಿಪ್ಪೆ ತೆಗೆಯೋ ಮೊದಲೇ ಎಲೆ, ಚಾಕು, ಮಣೆ ಎಲ್ಲಾ ತೊಳೀಬೇಕು, ಇದೇ ಮುಖ್ಯ, ಇಲ್ಲಾಂದ್ರೆ ಅದೇ ರಸ ಲೋಳೆಗೆ ಹತ್ತುತ್ತೆ. ಸಿಪ್ಪೆ ಜೊತೆ ಸ್ವಲ್ಪ ಲೋಳೆ ಹೋದ್ರೂ ಪರವಾಗಿಲ್ಲ ದಪ್ಪಗೇ ಹೆರೀರಿ, ಹಸಿರು ಹಳದಿ ಉಳಿಯಬಾರ್ದು.

ಸಣ್ಣಗೆ ಹೆಚ್ಚಿ ತಣ್ಣೀರಲ್ಲಿ ಅರ್ಧ ಗಂಟೆ ಬಿಡಿ, ನಡುವೆ ನೀರು ಬದಲಿಸಿ. ಆಮೇಲೆ ಕುದಿಯೋ ನೀರಲ್ಲಿ 2 ನಿಮಿಷ, ಆ ನೀರು ಚೆಲ್ಲಿ ತಣ್ಣೀರಿಗೆ ಹಾಕಿ ಬಸೀರಿ. 1 ಕಪ್ ತುಂಡಿಗೆ ಅರ್ಧ ಕಪ್ ಸಕ್ಕರೆ, ಅರ್ಧ ಕಪ್ ನೀರಿನ ಪಾಕ ಮಾಡಿ, ಪೂರ್ತಿ ಆರಿದ ಮೇಲೆ 1 ಚಮಚ ನಿಂಬೆರಸ ಸೇರಿಸಿ ಅದರಲ್ಲಿ ಮುಳುಗಿಸಿಡಿ. ಗಾಜಿನ ಬಾಟ್ಲಿ, ಫ್ರಿಜ್ಜು, 4 ದಿನದೊಳಗೆ ಮುಗಿಸಿ. ಈಗ ಕಹಿ ಇಲ್ಲ, ಬಣ್ಣಾನೂ ತಿರುಗಲ್ಲ.