ಮನೇಲೇ ಮ್ಯೂಸಿಕ್ ನ್ಯೂರೋಫೀಡ್‌ಬ್ಯಾಕ್ ಮಾಡೋದು ಹೇಗೆ

ತಲೆಗೆ ಇಇಜಿ (ಮೆದುಳಿನ ವಿದ್ಯುತ್ ಅಲೆ ಅಳೆಯೋ) ಹೆಡ್‌ಬ್ಯಾಂಡ್ ಹಾಕ್ಕೊಂಡು ಸಂಗೀತ ಕೇಳ್ತಾ ಕೂರೋದು, ಗಮನ ಇದ್ದಾಗ ಸದ್ದು ತುಂಬಿ ಬರುತ್ತೆ, ಮನಸ್ಸು ಬೇರೆ ಕಡೆ ಹೋದ್ರೆ ಸಣ್ಣ ಆಗುತ್ತೆ, ಇಷ್ಟೇ ವಿಷಯ. ತೂಕಡಿಕೆ, ಹಗಲುಗನಸಿನ ಹೊತ್ತಲ್ಲಿ 4ರಿಂದ 8 ಹರ್ಟ್ಸ್‌ನ ಥೀಟಾ ಅಲೆ ಜಾಸ್ತಿ, ಎಚ್ಚರದಲ್ಲಿ ಕೆಲಸ ಮಾಡೋವಾಗ 13ರಿಂದ 30ರ ಬೀಟಾ, ಇವೆರಡರ ಲೆಕ್ಕ ನೋಡಿ ವಾಲ್ಯೂಮ್ ಏರಿಸಿ ಇಳಿಸೋದು ಸಾಮಾನ್ಯ ವಿಧಾನ. ಹೆಡ್‌ಬ್ಯಾಂಡ್ ಜೊತೆ ಫೋನಲ್ಲಿ ಓಡೋ ಕೆಲವು ಆ್ಯಪಲ್ಲಿ ಮಳೆ ಗಾಳಿ ಸದ್ದು ಮಾತ್ರ ಇರುತ್ತೆ, ನಮ್ಮ ಮ್ಯೂಸಿಕ್ ಹಾಕೋಕಾಗುತ್ತಾ ಅಂತ ತಗೊಳ್ಳೋ ಮೊದಲೇ ಕೇಳಿ.

ಹಣೆ, ಕಿವಿ ಹಿಂದೆ ತೆಂಗಿನೆಣ್ಣೆ ಇದ್ರೆ ಸಿಗ್ನಲ್ ಸಿಗಲ್ಲ, ಒರೆಸ್ಕೊಳ್ಳಿ. ಕಾರವಾರ, ಕುಮಟಾ ಕಡೆ ಸೆಖೇಲಿ ಬೆವರು ಇಳೀತಿದ್ರೆ ರೀಡಿಂಗ್ ತೇಲಾಡುತ್ತೆ, ಫ್ಯಾನ್ ಕೆಳಗೆ ಕೂತು ಆರಿದ್ಮೇಲೆ ಶುರು ಮಾಡಿ. ಫೋನ್ ಚಾರ್ಜಿಗೆ ಹಾಕಿ ಕೂರಬೇಡಿ, ಕರೆಂಟಿನ 50 ಹರ್ಟ್ಸ್ ಗದ್ದಲ ಒಳಗೆ ಬರಬಹುದು.

ಸಂಗೀತ ಆರಿಸೋದೇ ಇದರಲ್ಲಿ ದೊಡ್ಡ ಕೆಲಸ. ಯಕ್ಷಗಾನ ಅಂದ್ರೆ ನಮಗೆ ಪ್ರಾಣ, ಆದ್ರೂ ಇದಕ್ಕೆ ಬೇಡ, ಯಾಕಂದ್ರೆ ಚಂಡೆ ಒಮ್ಮೆಲೇ ಏರುತ್ತೆ, ಭಾಗವತರ ಪದ್ಯದ ಅರ್ಥದ ಹಿಂದೆ ಮನಸ್ಸು ಹೊರಟ್ಬಿಡುತ್ತೆ, ಸದ್ದು ಏರಿದ್ದು ನಮ್ಮ ಗಮನದಿಂದಾನೋ ಚಂಡೆಯಿಂದಾನೋ ಗೊತ್ತೇ ಆಗಲ್ಲ. ಸಾಹಿತ್ಯ ಇಲ್ದೇ ಇರೋ, ಒಂದೇ ಸಮ ಸಾಗೋ ಬಾನ್ಸುರಿ ಅಥವಾ ಸಿತಾರ್ ಆಲಾಪ ಒಳ್ಳೇದು, ಬರೀ ತಂಬೂರಿ ಆದ್ರೂ ಆಯ್ತು. ದಿನಾ ಅದನ್ನೇ ಹಾಕಿ.

ಮೊದಲು ಒಂದೆರಡು ನಿಮಿಷ ಸುಮ್ನೆ ಕೂತು ಆ್ಯಪಿಗೆ ನಿಮ್ಮ ಮಾಮೂಲಿ ಮಟ್ಟ ಅಳೆಯೋಕೆ ಬಿಡಿ. ಆಮೇಲೆ ಕಣ್ಣು ತೆರೆದು ಗೋಡೆ ಮೇಲೆ ಒಂದು ಕಡೆ ನೋಡ್ತಾ 15-20 ನಿಮಿಷ ಸಾಕು. ಸದ್ದು ಇಳಿದ್ರೆ ಜೋರು ಮಾಡೋಕೆ ಒದ್ದಾಡಬೇಡಿ, ಹಲ್ಲು ಕಚ್ಚಿದ್ರೆ, ಹಣೆ ಗಂಟಿಕ್ಕಿದ್ರೆ ಸ್ನಾಯುವಿನ ಸಿಗ್ನಲ್ ಬೀಟಾ ಜಾಗಕ್ಕೇ ಬಂದು ಬೀಳುತ್ತೆ, ಆ್ಯಪ್ ಅದನ್ನೇ ಗಮನ ಅಂದ್ಕೊಂಡು ವಾಲ್ಯೂಮ್ ಏರಿಸುತ್ತೆ. ದವಡೆ ಸಡಿಲ ಬಿಟ್ಟು ಮತ್ತೆ ಸ್ವರದ ಕಡೆ ಬನ್ನಿ ಅಷ್ಟೇ. ಮುಗಿದ ತಕ್ಷಣ ಬ್ಯಾಂಡ್ ತೆಗೆದು ಓದೋಕೆ ಕೂತ್ಕೊಳ್ಳಿ, ಎಷ್ಟು ಪುಟ ಓದಿದ್ರಿ, ಎಷ್ಟು ಸಲ ಎದ್ರಿ ಅಂತ ನೋಟ್‌ಬುಕ್ಕಲ್ಲಿ ಬರೀರಿ. ಆ್ಯಪಿನ ಸ್ಕೋರಿಗಿಂತ ನನಗೆ ಈ ಲೆಕ್ಕದ ಮೇಲೇ ನಂಬಿಕೆ.

ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರೋ ಮಕ್ಕಳ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನ ಓದಿ. 2021ರಲ್ಲಿ ಪ್ರಕಟವಾದ ಅಮೆರಿಕದ ಡಬಲ್ ಬ್ಲೈಂಡ್ (ಯಾರದ್ದು ನಿಜವಾದ ತರಬೇತಿ ಅಂತ ಮಕ್ಕಳಿಗೂ ಪರೀಕ್ಷಿಸೋರಿಗೂ ಗೊತ್ತಿರದ) ಪ್ರಯೋಗದಲ್ಲಿ ಥೀಟಾ-ಬೀಟಾ ತರಬೇತಿ ಪಡೆದ ಮಕ್ಕಳೂ ಸುಧಾರಿಸಿದ್ರು, ಹುಸಿ ತರಬೇತಿ ಪಡೆದ ಮಕ್ಕಳೂ ಹೆಚ್ಚುಕಮ್ಮಿ ಅಷ್ಟೇ ಸುಧಾರಿಸಿದ್ರು. ಹಾಗಾಗಿ ಇದನ್ನ ನಂಬಿ ಮಾತ್ರೆ ನಿಲ್ಲಿಸಬೇಡಿ, ಮೂರ್ಛೆರೋಗ ಇದ್ರೆ ಡಾಕ್ಟರ್ ಕೇಳದೆ ಶುರುನೇ ಮಾಡಬೇಡಿ, ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಒಂದೆರಡು ತಿಂಗಳು ಮಾಡಿದ್ರೂ ನೋಟ್‌ಬುಕ್ ಲೆಕ್ಕ ಬದಲಾಗ್ಲಿಲ್ಲ ಅಂದ್ರೆ ಬ್ಯಾಂಡ್ ಬಿಟ್ಟು ಆ ಹೊತ್ತನ್ನ ನಿದ್ದೆಗೆ ಕೊಡಿ.