ಅಕ್ಷರ ಆಮೇಲೆ, ಲೆಕ್ಕ ಮೊದ್ಲು: ವಾರಿಕ್‌ಶೈರಿನ ಯುದ್ಧಕಾಲದ ಕಾಗದ ಓದಿದ ನನ್ನ ಅನುಭವ

ಅಂತೂ ಟ್ಯಾಲಿ ಆಯ್ತು. ಇಂಗ್ಲೆಂಡಿನ ವಾರಿಕ್‌ಶೈರ್ ಕೌಂಟಿಯ ದಕ್ಷಿಣದಲ್ಲಿ ಒಂದು ಹಳ್ಳಿ, 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾದಾಗಿಂದ ನಾಲ್ಕು ವರ್ಷ ಪಾರ್ಲಿಮೆಂಟ್ ಸೈನ್ಯ ಆ ಊರಲ್ಲಿ ಏನು ತಿಂತು, ಏನು ಹೊತ್ಕೊಂಡು ಹೋಯ್ತು ಅನ್ನೋದು ಮನೆ ಮನೆ ಲೆಕ್ಕದ ಸಮೇತ ಈಗ ನನ್ನ ಶೀಟಲ್ಲಿ ಇದೆ. ಊರಿನ ಹೆಸರು ಈಗ್ಲೇ ಹೇಳಲ್ಲ, ಪಕ್ಕದ ಎರಡು ಊರಿನ ಕೆಲಸ ಬಾಕಿ ಇದೆ, ಅದು ಮುಗಿಯೋವರೆಗೂ ಬೇರೆ ಯಾರೂ ಕೈ ಹಾಕೋದು ಬೇಡ. ಬ್ಯಾನ್‌ಬರಿಗೂ ವಾರಿಕ್‌ಗೂ ನಡುವೆ ಇರೋ ಊರು ಅಂತ ಮಾತ್ರ ತಿಳ್ಕೊಳ್ಳಿ. ಬ್ಯಾನ್‌ಬರಿ ಕೋಟೆ ರಾಜನ ಕಡೆ, ವಾರಿಕ್ ಕೋಟೆ ಪಾರ್ಲಿಮೆಂಟ್ ಕಡೆ, ಇಬ್ರೂ ಇದೇ ಹಳ್ಳಿಗಳಿಗೆ ಬಂದು ಕಂದಾಯ ಕೇಳೋರು, ಒಬ್ರಿಗೆ ಕೊಟ್ಟಿದ್ದು ಇನ್ನೊಬ್ರಿಗೆ ಗೊತ್ತಾದ್ರೆ ಅದಕ್ಕೂ ಬೈಸ್ಕೋಬೇಕು.

ನಾನು ಕೋವೆಂಟ್ರಿಲಿ ಇರೋ ಸಾಫ್ಟ್‌ವೇರ್ ಟೆಸ್ಟರ್. ಇಲ್ಲಿಯ ಹಿಸ್ಟರಿ ಗುಂಪಿಗೆ ನಾನು ಹೋಗಿ ಎಸ್‌ಪಿ 28 (ಲಂಡನ್ನಿನ ನ್ಯಾಷನಲ್ ಆರ್ಕೈವ್ಸಲ್ಲಿರೋ ಪಾರ್ಲಿಮೆಂಟ್ ಕಡೆಯ ಯುದ್ಧಕಾಲದ ಲೆಕ್ಕದ ಕಂತೆ, ಹಳ್ಳಿಯೋರು ಹಾಕಿದ ನಷ್ಟದ ಕ್ಲೇಮುಗಳೂ ಅದರಲ್ಲೇ ಇವೆ) ಕಾಗದ ಓದ್ತೀನಿ ಅಂದಾಗ ಅಲ್ಲಿದ್ದ ರಿಟೈರ್ಡ್ ಮೇಷ್ಟ್ರೊಬ್ರು ಬಹಳ ಮರ್ಯಾದೆಯಿಂದಲೇ, ಮೊದ್ಲು ನಾಲ್ಕೈದು ವರ್ಷ ಲಿಪಿ ಕಲೀರಿ ಆಮೇಲೆ ನೋಡೋಣ ಅಂದ್ರು. ನಮ್ಮ ಕನ್ನಡ ಫ್ರೆಂಡ್ಸ್ ಅಂತೂ ನಗ್ತಿದ್ರು, ಇವನ ತಾತನ ಕಡತ ಊರಲ್ಲಿ ಗೆದ್ದಲು ತಿಂತಾ ಇದೆ, ಇವನು ಇಲ್ಲಿ ಯಾರದ್ದೋ ಊರಿನ ಚೀಸ್ ಲೆಕ್ಕ ಬರೀತಾನೆ ಅಂತ. ನಗ್ಲಿ ಬಿಡಿ. ಆ ತಾತನಿಂದಲೇ ನನಗೆ ಈ ಐಡಿಯಾ ಬಂದಿದ್ದು, ಅವರು ಶಾನುಭೋಗರಾಗಿದ್ದೋರು, ಹಳೇ ಲೆಕ್ಕದ ಹಾಳೆ ಕೊಟ್ರೆ ಮೊದ್ಲು ಕಣ್ಣು ಹೋಗ್ತಿದ್ದಿದ್ದು ಕೆಳಗಿನ ಮೊತ್ತಕ್ಕೆ, ಆಮೇಲೆ ಮೇಲಕ್ಕೆ.

ಅದಕ್ಕೆ ಮುಂಚೆ ಹಾಳಾದ ದುಡ್ಡು ಹೇಳ್ತೀನಿ ಕೇಳಿ. ಮೊದ್ಲು ಹಳೇ ಕೈಬರಹ ಓದೋದು ಕಲಿಸೋ ಒಂದು ಆನ್‌ಲೈನ್ ಕೋರ್ಸು, ಸುಮಾರು 180 ಪೌಂಡ್. ಕೆಟ್ಟದ್ದೇನಲ್ಲ, ಆದ್ರೆ ಅವ್ರು ಕಲಿಸೋದು ನೀಟಾಗಿ ಬರೆದ ವಿಲ್ಲು, ಕೋರ್ಟ್ ಕಾಗದ, ನಮ್ಮ ಕಾಗದ ಬರೆದೋನು ಹಳ್ಳಿ ಕಾನ್‌ಸ್ಟೇಬಲ್ಲು (ಈಗಿನ ಪೊಲೀಸ್ ಅಲ್ಲ, ಊರಿನ ಕೆಲಸ ನೋಡ್ಕೊಳ್ತಿದ್ದ ಹಳ್ಳಿಯೋನೇ) ಇಲ್ಲಾ ಅವನಿಗೆ ಬರೆದುಕೊಟ್ಟ ಯಾವನೋ ಒಬ್ಬ, ಅವನಿಗೆ ನೀಟು ಅನ್ನೋದೇ ಗೊತ್ತಿಲ್ಲ. ಆಮೇಲೆ ಕೈಬರಹ ಓದೋ ಒಂದು ಸಾಫ್ಟ್‌ವೇರಿಗೆ ಕ್ರೆಡಿಟ್ ತಗೊಂಡೆ, ಅದಕ್ಕೆ ಒಂದು ನೂರು ಹೋಯ್ತು. ವಾಕ್ಯಗಳು ಪರವಾಗಿಲ್ಲ ಅನ್ನೋ ಹಾಗೆ ಬರ್ತಿತ್ತು, ಬಲಗಡೆ ಹಣದ ಕಾಲಂ ಬಂದ ತಕ್ಷಣ ಎಲ್ಲಾ ಕಲಸುಮೇಲೋಗರ, ಯಾಕಂದ್ರೆ ಅಂಕಿ ಎಲ್ಲ ರೋಮನ್ನಲ್ಲಿ, ಅದೂ ಕೊನೇ ಒಂದು ಕಡ್ಡಿಗೆ ಬಾಲ ಎಳೆದು ಬರೆದಿರ್ತಾರೆ, ನಾಲ್ಕು ಕಡ್ಡಿ ಮೇಲೆ ಸಣ್ಣದಾಗಿ ಇಪ್ಪತ್ತು ಅಂತ ಬರೆದ್ರೆ ಅದು ಎಂಬತ್ತು. ಅದನ್ನ ಮಷೀನು ಹೆಸರು ಅಂತ ಓದಿ ಯಾರೋ ಒಬ್ಬ ಮನುಷ್ಯನ್ನೇ ಹುಟ್ಟಿಸಿಬಿಟ್ಟಿತ್ತು. ಈಗಿನ ಮಾಡೆಲ್‌ಗಳು ಇನ್ನೂ ಚೆನ್ನಾಗಿವೆ ಅಂತಾರೆ, ಇರಬಹುದು, ನಾನು ಮತ್ತೆ ದುಡ್ಡು ಹಾಕಲ್ಲ.

ಟ್ರೇನ್ ಚಾರ್ಜು ಬೇರೆ. ಕೋವೆಂಟ್ರಿಯಿಂದ ಯೂಸ್ಟನ್, ಅಲ್ಲಿಂದ ಟ್ಯೂಬಲ್ಲಿ ಕ್ಯೂ ಗಾರ್ಡನ್ಸ್, ಆಫ್ ಪೀಕ್ ನೋಡ್ಕೊಂಡು ಹೋದ್ರೂ ಎಲ್ಲಾ ಸೇರಿ 400ರ ಹತ್ತಿರ ಆಗಿದೆ. ನ್ಯಾಷನಲ್ ಆರ್ಕೈವ್ಸಲ್ಲಿ ನಮ್ಮ ಕ್ಯಾಮೆರಾ ತಗೊಂಡು ಹೋದ್ರೆ ಫೋಟೋಗೆ ಕಾಸಿಲ್ಲ, ಅದೊಂದೇ ಪುಣ್ಯ. ಮೊದಮೊದಲು ತೆಗೆದ ಫೋಟೋ ಅರ್ಧ ಕಸದ ಬುಟ್ಟಿಗೆ, ಯಾಕಂದ್ರೆ ಹೊಲಿಗೆ ಹತ್ರ ಹಾಳೆ ಬಗ್ಗಿರುತ್ತೆ, ಹಣದ ಕಾಲಂ ಸರಿಯಾಗಿ ಆ ಮಡಿಕೆಲೇ ಹೋಗಿ ಕೂತಿರುತ್ತೆ. ಈಗ ನಾನು ಒಂದು ಹಾಳೆಗೆ ಎರಡು ಫೋಟೋ ತೆಗೀತೀನಿ, ಪೂರ್ತಿ ಹಾಳೆ ಒಂದು, ಕಾಲಂ ಮಾತ್ರ ಇನ್ನೊಂದು. ಕ್ಯಾಮೆರಾ ಯಾವ ಕೋನದಲ್ಲಿ ಹಿಡಿದ್ರೆ ಮಾಸಿದ ಶಾಯಿ ಎದ್ದು ಕಾಣುತ್ತೆ ಅನ್ನೋದು ಮಾತ್ರ ನನ್ನ ಹತ್ರಾನೇ ಇರ್ಲಿ.

ಈಗ ಮೆಥಡ್ಡು. ಮೊದಲ ಸುತ್ತಲ್ಲಿ ಒಂದೇ ಒಂದು ಪದ ಓದಲ್ಲ. ಬಲಗಡೆ ಪೌಂಡ್, ಶಿಲಿಂಗ್, ಪೆನ್ನಿ ಮಾತ್ರ ಇಳಿಸ್ಕೊಳ್ತೀನಿ, ಎಲ್ಲಾನೂ ಪೆನ್ನಿಗೆ ಕನ್ವರ್ಟ್ ಮಾಡ್ತೀನಿ, 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. 12 ಪೈಗೆ ಒಂದಾಣೆ ಅಂತ ಬಾಯಿಪಾಠ ಹೇಳ್ತಿದ್ದ ಮನೇಲಿ ಬೆಳೆದೋರಿಗೆ ಇದೇನು ಕಷ್ಟ ಅಲ್ಲ, ಇಲ್ಲಿನ ಹುಡುಗರಿಗೇ ಕಷ್ಟ. ಕೂಡಿಸಿ ಕೆಳಗಿನ ಮೊತ್ತಕ್ಕೆ ಹೋಲಿಸೋದು. ಮೊದಲ ಸಲ ಯಾವತ್ತೂ ತಾಳೆ ಆಗಲ್ಲ. ವ್ಯತ್ಯಾಸ ಎಷ್ಟು ಅಂತ ನೋಡಿ, ಐದು ಶಿಲಿಂಗ್ ಅಥವಾ ಐದು ಪೆನ್ನಿ ಬಂದ್ರೆ ಎಲ್ಲೋ ಹತ್ತನ್ನ ಐದು ಅಂತ ಓದಿದ್ದೀರಿ, ಒಂದು ಬಂದ್ರೆ ಕಡ್ಡಿ ಬಿಟ್ಟಿದ್ದೀರಿ. ಹೀಗೆ ತಿದ್ದುತ್ತಾ ಹೋದ್ರೆ ಆ ಬರೆದೋನ ಐದು ಹೇಗಿರುತ್ತೆ, ಹತ್ತು ಹೇಗಿರುತ್ತೆ, ಅವನ ಕೈ ಎಲ್ಲಿ ಜಾರುತ್ತೆ ಅಂತ ನಿಮಗೆ ಅರ್ಥ ಆಗಿರುತ್ತೆ, ಅಕ್ಷರಕ್ಕೆ ಹೋಗೋ ಹೊತ್ತಿಗೆ ಅರ್ಧ ಪರಿಚಯ ಆಗಿಹೋಗಿರುತ್ತೆ. ಕೆಲವು ಸಲ ಬರೆದೋನೇ ತಪ್ಪು ಕೂಡಿಸಿರ್ತಾನೆ. ಎರಡು ಸಂಜೆ ತಲೆ ಕೆಡಿಸ್ಕೊಂಡು ಆಮೇಲೆ ಅದು ಗೊತ್ತಾದ್ರೆ ಅವನ ಮೇಲೆ ಬರೋ ಸಿಟ್ಟಿದ್ಯಲ್ಲ!

ಎರಡನೇ ಸುತ್ತು ಹೆಸರು, ಜನರದ್ದಲ್ಲ, ಕ್ಯಾಪ್ಟನ್‌ಗಳದ್ದು. ಯಾರ ದಂಡು ಬಂದಿತ್ತು ಅನ್ನೋದು ಪ್ರತಿ ಸಾಲಲ್ಲೂ ಇರುತ್ತೆ, ಮತ್ತೆ ಈ ಕೌಂಟೀಲಿ ಓಡಾಡಿದ ದಂಡಿನ ಮುಖ್ಯಸ್ಥರು ಎಷ್ಟು ಜನ ಮಹಾ? ಕೋವೆಂಟ್ರಿ ಗವರ್ನರ್ ಜಾನ್ ಬಾರ್ಕರ್, ವಾರಿಕ್ ಕೋಟೆಯ ಜಾನ್ ಬ್ರಿಡ್ಜಸ್, ಜೋಸೆಫ್ ಹಾಕ್ಸ್‌ವರ್ತ್, ವಿಲಿಯಂ ಪ್ಯೂರ್‌ಫಾಯ್, 1644ರ ಜೂನಲ್ಲಿ ಕಾಂಪ್ಟನ್ ಮನೆ ಪಾರ್ಲಿಮೆಂಟ್ ಕೈಗೆ ಬಂದ್ಮೇಲೆ ಅಲ್ಲಿ ಕೂತ ಜಾರ್ಜ್ ಪ್ಯೂರ್‌ಫಾಯ್, ಆ ಕಡೆ ಎಡ್ಜ್‌ಬಾಸ್ಟನ್ ಹಾಲ್ ಹಿಡ್ಕೊಂಡಿದ್ದ ಫಾಕ್ಸ್, ಇವನನ್ನ ರಾಜನ ಕಡೆಯೋರು ಕಲಾಯಿ ಹಾಕೋನು ಅಂತ ಆಡಿಕೊಳ್ತಿದ್ರು. ಲಿಸ್ಟು ಮೊದಲೇ ಕೈಲಿದ್ರೆ ಸ್ಪೆಲ್ಲಿಂಗ್ ಹತ್ತು ಥರ ಇದ್ರೂ ಪರವಾಗಿಲ್ಲ, ಮೊದಲಕ್ಷರ ಮತ್ತೆ ಉದ್ದ ನೋಡಿದ್ರೆ ಸಾಕು. ಆ ಒಂದು ಹೆಸರಿಂದ ಹತ್ತು ಅಕ್ಷರ ಸಿಗುತ್ತೆ, ಅದನ್ನ ಮಿಕ್ಕ ಪದಗಳಿಗೆ ತಗೊಂಡು ಹೋಗೋದು.

ಮೂರನೇದು ವಸ್ತು. ಇಲ್ಲಿ ಬೆಲೆ ದಾರಿ ತೋರಿಸುತ್ತೆ. ಪದಾತಿ ಸೈನಿಕನ ಸಂಬಳ ದಿನಕ್ಕೆ 8 ಪೆನ್ನಿ, ಊಟ ವಸತಿ ಲೆಕ್ಕ ಅದರ ಒಳಗೇ ಇರಬೇಕು. ಒಂದು ಸಾಲಲ್ಲಿ 14 ಶಿಲಿಂಗ್ ಇದ್ದು ಪಕ್ಕದಲ್ಲಿ ಮೂರು ಅಂತ ಒಂದು, ಏಳು ಅಂತ ಒಂದು ಸಿಕ್ತು ಅನ್ಕೊಳ್ಳಿ, ಮೂರು ಜನ, ಏಳು ದಿನ, ತಲೆಗೆ 8 ಪೆನ್ನಿ, ಆಯ್ತಲ್ಲ, ಇನ್ನು ಆ ಸಾಲಲ್ಲಿ ಬೇರೆ ಏನೂ ಇರೋಕೆ ಸಾಧ್ಯ ಇಲ್ಲ. ಪೌಂಡ್‌ಗಟ್ಟಲೆ ಇದ್ರೆ ಕುದುರೆ. ಚಿಲ್ಲರೆ ಇದ್ರೆ ಚೀಸು, ಬೇಕನ್ನು, ಓಟ್ಸು, ಹುಲ್ಲು, ಹಾಸಿಗೆ ಬೆಡ್‌ಶೀಟು. ಹೌದು, ಬೆಡ್‌ಶೀಟು, ಯಾರ ಮನೆಗೆ ಹೋದ್ರೂ ಅದನ್ನ ಬಿಟ್ಟಿಲ್ಲ ಪುಣ್ಯಾತ್ಮರು. ಯಾವ ವಸ್ತುವಿಗೆ ಯಾವ ವರ್ಷ ಎಷ್ಟು ಅಂತ ನಾನು ಒಂದು ದರಪಟ್ಟಿ ಮಾಡಿದೀನಿ, ಅದೇ ಈ ಮೆಥಡ್ಡಿನ ಜೀವ, ಹಾಗಾಗಿ ಅದು ಸದ್ಯಕ್ಕೆ ಹೊರಗೆ ಬರಲ್ಲ.

ತಾರೀಖಿನ ಗೋಳು ಬೇರೆ. ಎಕ್ಸೆಲ್ಲು 1900ಕ್ಕಿಂತ ಹಿಂದಿನ ತಾರೀಖನ್ನ ತಾರೀಖು ಅಂತಲೇ ಒಪ್ಪಲ್ಲ, ವರ್ಷ, ತಿಂಗಳು, ದಿನ ಮೂರು ಕಾಲಂ ಮಾಡ್ಕೊಂಡೆ. ಅದರ ಮೇಲೆ ಆಗಿನ ಇವರ ವರ್ಷ ಶುರುವಾಗ್ತಿದ್ದಿದ್ದು ಮಾರ್ಚ್ 25ಕ್ಕೆ, ಹಾಗಾಗಿ ಜನವರಿ 1643 ಅಂತ ಬರೆದಿದ್ರೆ ಅದು ನಮ್ಮ ಲೆಕ್ಕದ 1644. ಯುಗಾದಿಗೆ ವರ್ಷ ಬದಲಾಗೋದು ಗೊತ್ತಿರೋರಿಗೆ ಇದು ಸರಿಯಾಗೇ ಕಾಣುತ್ತೆ, ಜನವರೀಲಿ ವರ್ಷ ಶುರು ಮಾಡೋದೇ ಒಂಥರಾ. ಬಹಳ ಮನೆಯೋರು ತಾರೀಖೇ ಕೊಟ್ಟಿಲ್ಲ, ಆ ಯುದ್ಧದ ಹೊತ್ತಲ್ಲಿ, ಈ ಮುತ್ತಿಗೆ ಹೊತ್ತಲ್ಲಿ ಅಂತಾರೆ. ಅದಕ್ಕೆ ಗೂಟ ಹೊಡ್ಕೊಂಡೆ: ಎಡ್ಜ್‌ಹಿಲ್ ಯುದ್ಧ 1642 ಅಕ್ಟೋಬರ್ 23, ಭಾನುವಾರ. ಕ್ರಾಪ್ರೆಡಿ ಸೇತುವೆ ಯುದ್ಧ 1644 ಜೂನ್ 29. ಬ್ಯಾನ್‌ಬರಿ ಮುತ್ತಿಗೆ ಅದೇ ವರ್ಷದ ಆಗಸ್ಟ್ ಕೊನೆಯಿಂದ ಅಕ್ಟೋಬರ್ 25ರವರೆಗೆ. ನೇಸ್‌ಬಿ ಯುದ್ಧ 1645 ಜೂನ್ 14. ಇವುಗಳ ನಡುವೆ ಎಲ್ಲ ಸಾಲೂ ಎಲ್ಲೋ ಒಂದು ಕಡೆ ಕೂರುತ್ತೆ.

ನಡುವೆ ಒಂದು ಹುಚ್ಚು ಹಿಡೀತು, ಶಾಯಿ ಮಾಡೋದು. ಆಗಿನೋರು ಬರೀತಿದ್ದ ಶಾಯಿಗೆ ಓಕ್ ಮರದ ಗಂಟುಕಾಯಿ, ಅನ್ನಭೇದಿ, ಗೋಂದು ಬೇಕು. ಇಲ್ಲಿ ಆನ್‌ಲೈನಲ್ಲಿ ಆ ಕಾಯಿಗೆ ಒಂದು ಸಣ್ಣ ಪೊಟ್ಟಣಕ್ಕೆ ಹದಿನೈದು ಪೌಂಡ್ ಹೇಳಿದ್ರು, ಆಮೇಲೆ ಹೊಳೀತು, ಇದು ನಮ್ಮ ಮಾಚಿಕಾಯಿ ಅಲ್ವಾ! ಮೈಸೂರಲ್ಲಿ ಗ್ರಂಧಿಗೆ ಅಂಗಡೀಲಿ ಬಾಣಂತಿ ಮದ್ದಿಗೆ, ಮಗುಗೆ ತೇಯೋಕೆ ಅಂತ ಕೊಡ್ತಾರಲ್ಲ ಅದೇ. ಅಮ್ಮನ ಕೈಲಿ ತರಿಸ್ದೆ, ಯಾರಿಗೆ ವಿಶೇಷ ಅಂತ ಅವರು ಫೋನಲ್ಲಿ ಕೇಳಿದ್ದು ಬೇರೆ ಕಥೆ. ಕುಟ್ಟಿ ನೆನೆಸಿ ಸೋಸಿದೆ, ಬರೆಯೋವಾಗ ತೆಳ್ಳಗೆ, ಗಾಳಿಗೆ ಕಪ್ಪಾಗ್ತಾ ಹೋಗುತ್ತೆ, ಚೆಂದ. "ರೀ, ಸಿಂಕ್ ನೋಡಿದ್ರಾ?" ಅಂತ ಮನೆಯೋಳು ಕರೆದಾಗ ಎಕ್ಸ್‌ಪೆರಿಮೆಂಟ್ ಮುಗೀತು. ಆದ್ರೆ ಬಾತುಗರಿ ಪೆನ್ನಲ್ಲಿ ಅದೇ ಶಾಯಿ ಹಾಕಿ ಒಂದು ಹಾಳೆ ಅವರ ಥರ ಬರೆದ್ಮೇಲೆ ಒಂದು ಉಪಯೋಗ ಆಯ್ತು: ಆ ಪೆನ್ನು ಕೆಳಕ್ಕೆ ಎಳೆದ್ರೆ ಬರೆಯುತ್ತೆ, ಮೇಲಕ್ಕೆ ತಳ್ಳಿದ್ರೆ ಕೆರೆಯುತ್ತೆ, ಅದಕ್ಕೇ ಅವರ ಎಮ್ಮು, ಎನ್ನು, ಯು ಎಲ್ಲಾ ಸಾಲಾಗಿ ನಿಂತ ಕಡ್ಡಿ. ಕಡ್ಡಿ ಎಣಿಸಿದ್ರೆ ಮುಗೀತು, ಅಕ್ಷರ ಯಾವುದು ಅಂತ ಗುದ್ದಾಡೋದು ಬೇಡ. ಕೋರ್ಸಲ್ಲಿ ಇದನ್ನ ಯಾರೂ ಹೇಳಿಕೊಡಲಿಲ್ಲ.

ಇನ್ನೊಂದು ಎಕ್ಸ್‌ಪೆರಿಮೆಂಟ್ ಫೇಲು. ಊರಿಂದ ಬ್ಯಾನ್‌ಬರಿಗೆ ಹಳೇ ಹಾದೀಲಿ ನಡೆದು, ಗಾಡಿಗೆ ಎಷ್ಟು ಹೊತ್ತು ಹಿಡೀತಿತ್ತು ಅಂತ ಅಂದಾಜು ಮಾಡೋಣ ಅಂತ ಹೊರಟೆ. ಅರ್ಧ ದಾರೀಲಿ ಜೇಡಿಮಣ್ಣು ಮೊಣಕಾಲವರೆಗೆ, ಬಸ್ ಹಿಡಿದು ವಾಪಸ್ಸು. ಅಂದಾಜು ಸಿಗಲಿಲ್ಲ, ಆದ್ರೆ ಚಳಿಗಾಲದಲ್ಲಿ ದಂಡಿನ ಸಾಮಾನು ಸಾಗಿಸೋಕೆ ಹಳ್ಳಿಯೋರ ಗಾಡಿ, ಕುದುರೆ ಬಲವಂತವಾಗಿ ತಗೊಂಡ್ರೆ ಅದಕ್ಕೆ ಅಷ್ಟೊಂದು ಯಾಕೆ ಕ್ಲೇಮ್ ಹಾಕಿದ್ದಾರೆ ಅಂತ ನನ್ನ ಶೂಗೆ ಗೊತ್ತಾಯ್ತು.

ಏನು ಸಿಕ್ತು ಅಂದ್ರೆ, ಯುದ್ಧದ ದಿನ ಊರಿಗೆ ಅಷ್ಟು ಖರ್ಚಲ್ಲ. ಎಡ್ಜ್‌ಹಿಲ್ ಹತ್ತಿರಾನೇ ಆಗಿದ್ರೂ ನನ್ನ ಊರಿನ ಲೆಕ್ಕದಲ್ಲಿ ಆ ವಾರದ್ದು ಕೆಲವೇ ಸಾಲು. ಊರು ಸೊರಗಿದ್ದು ಮನೇಲಿ ಬಂದು ಕೂತೋರಿಂದ. ಸುಮಾರು ಅರ್ಧದಷ್ಟು ಮೊತ್ತ ಬಿಟ್ಟಿ ವಸತಿದೇ, ಕಾಲುಭಾಗ ಕುದುರೆ, ಮಿಕ್ಕಿದ್ದು ಕಂದಾಯ ಮತ್ತೆ ಕದ್ದಿದ್ದು. 1644ರಲ್ಲಿ ಬ್ಯಾನ್‌ಬರಿ ಮುತ್ತಿಗೆ ನಡೆದ ಎರಡು ತಿಂಗಳು ಸಾಲುಗಳು ದಟ್ಟವಾಗಿ ಬರುತ್ತೆ, ಅದೂ ಕೊಯ್ಲು ಮುಗಿದು ಮುಂದಿನ ಬಿತ್ತನೆ ಹೊತ್ತು, ಕುದುರೆ ಹೋದ್ರೆ ಉಳೋದು ಯಾರು? ಒಂದು ಮನೆಯೋನು ಕುದುರೆ ಕಳ್ಕೊಂಡು, ಮುಂದಿನ ವರ್ಷ ಇನ್ನೊಂದು ತಗೊಂಡು, ಅದನ್ನೂ ಕಳ್ಕೊಂಡಿದ್ದಾನೆ, ಎರಡನೇದರ ಬೆಲೆ ಮೊದಲನೇದರ ಅರ್ಧ. ಪಾಪ, ಬುದ್ಧಿ ಬಂದಿತ್ತು.

ಒಂದು ಎಚ್ಚರಿಕೆ. ಈ ಕಾಗದದಲ್ಲಿ ರಾಜನ ಸೈನ್ಯ ಮಾಡಿದ ಲೂಟಿ ಹುಡುಕಬೇಡಿ. 1644ರಲ್ಲಿ ಪಾರ್ಲಿಮೆಂಟು ತನ್ನ ಲೆಕ್ಕ ತಪಾಸಣೆಗೆ ಕಮಿಟಿ ಮಾಡ್ತು, ಅದರ ಕೈಕೆಳಗಿನ ಸಬ್‌ಕಮಿಟಿಗಳು ಹಳ್ಳಿಗಳಿಂದ ಬರೆಸ್ಕೊಂಡಿದ್ದು ತಮ್ಮ ಕಡೆಯೋರು ತಗೊಂಡಿದ್ದನ್ನ ಮಾತ್ರ. 1643ರ ಏಪ್ರಿಲಲ್ಲಿ ರಾಜನ ಕಡೆಯ ದಂಡನಾಯಕ ಪ್ರಿನ್ಸ್ ರೂಪರ್ಟನ ದಂಡು ಬರ್ಮಿಂಗ್‌ಹ್ಯಾಮ್‌ಗೆ ಬೆಂಕಿ ಇಟ್ಟಿದ್ದೆಲ್ಲ ಬೇರೆ ಕಡೆ ಓದ್ಕೋಬೇಕು. ಹಾಗಾಗಿ ಈ ಲೆಕ್ಕ ನೋಡಿ ಪಾರ್ಲಿಮೆಂಟಿನೋರೇ ಕಳ್ಳರು ಅಂತ ಹೇಳೋಕೆ ಹೋಗಬೇಡಿ, ಗುಂಪಲ್ಲಿ ಒಬ್ರು ಹಾಗೆ ಹೇಳಿ ದೊಡ್ಡ ಜಗಳ ಆಗಿತ್ತು. ಮತ್ತೆ ಕ್ಲೇಮ್ ಹಾಕೋರು ಸ್ವಲ್ಪ ಏರಿಸಿಯೇ ಹಾಕಿರ್ತಾರೆ, ಇನ್ಶೂರೆನ್ಸ್ ಫಾರಂ ತುಂಬಿದೋರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೆಂಗಸರ ಕ್ಲೇಮುಗಳನ್ನ ನಾನು ಬೇರೆ ಬಣ್ಣ ಹಾಕಿ ಇಟ್ಟಿದೀನಿ. ಇದೇ ಎಸ್‌ಪಿ 28ರಲ್ಲಿ ಹೆಸ್ಟರ್ ವೈಟ್ ಅನ್ನೋಳ ಅರ್ಜಿ ಇದೆ, ಗೊತ್ತಿರೋರಿಗೆ ಗೊತ್ತು, ಎಡ್ಜ್‌ಹಿಲ್ಲಲ್ಲಿ ಗಾಯಗೊಂಡ ಸೈನಿಕರನ್ನ ಮನೇಲಿಟ್ಟು ಮೂರು ತಿಂಗಳ ಹತ್ತಿರ ಹಗಲು ರಾತ್ರಿ ನೋಡ್ಕೊಂಡು ಕೈಯಿಂದ ಖರ್ಚು ಮಾಡಿದ್ದೋಳು. ನನ್ನ ಊರಲ್ಲಿ ಅಷ್ಟು ದೊಡ್ಡದಿಲ್ಲ, ಆದ್ರೆ ಎರಡು ಮೂರು ವಿಧವೆಯರ ಮನೇಲೂ ಸೈನಿಕರನ್ನ ಕೂರಿಸಿದ್ದಾರೆ. ದುಡ್ಡು ವಾಪಸ್ ಬಂತು ಅನ್ನೋ ಒಂದು ಸಾಲೂ ನನಗೆ ಸಿಗಲಿಲ್ಲ.

ಆ ಮೇಷ್ಟ್ರ ವಿಷಯ ಹೇಳ್ದೆ ಬಿಟ್ರೆ ತಪ್ಪಾಗುತ್ತೆ. ನನ್ನ ಶೀಟಿಂದ ಒಂದು ನೂರು ಸಾಲು ಆರಿಸಿ ಮೂಲದ ಫೋಟೋ ಇಟ್ಕೊಂಡು ಅವರೇ ಚೆಕ್ ಮಾಡಿದ್ರು. ಪದಗಳಲ್ಲಿ ನಾಲ್ಕೋ ಐದೋ ತಿದ್ದಿದ್ರು, ಹಣದಲ್ಲಿ ಒಂದೂ ಇಲ್ಲ. ಅವರು ಹಿಂದೆ ಓದಿದ್ದ ಒಂದು ಹಾಳೇಲಿ ನನ್ನ ಮೊತ್ತ ಅವರದ್ದಕ್ಕೆ ಹೊಂದದೆ, ಕೊನೆಗೆ ಅವರೇ ಪೆನ್ಸಿಲ್ ತಗೊಂಡು ತಮ್ಮದನ್ನ ತಿದ್ಕೊಂಡ್ರು. ನಾನೇನೂ ಮಾತಾಡಲಿಲ್ಲ, ಟೀ ತಂದುಕೊಟ್ಟೆ ಅಷ್ಟೇ.

ಒಟ್ಟು ಖರ್ಚು ಎಲ್ಲಾ ಸೇರಿ 800 ಪೌಂಡ್ ದಾಟಿರಬೇಕು, ಈಗ ಶುರು ಮಾಡೋರಾದ್ರೆ ಕೋರ್ಸು, ಸಾಫ್ಟ್‌ವೇರ್ ಬಿಟ್ಟು ಟ್ರೇನಿಗೆ ಮಾತ್ರ ಹಾಕಿ, ಅರ್ಧದಲ್ಲಿ ಆಗುತ್ತೆ. ಮುಂದಿನದು ಸ್ಕಾಟ್ಸ್ ಸೈನ್ಯದ ಲೆಕ್ಕ. 1645ರ ಬೇಸಿಗೇಲಿ ಹೆರೆಫರ್ಡ್ ಮುತ್ತಿಗೆಗೆ ಹೋಗ್ತಾ ಅವರು ಈ ಕೌಂಟಿ ದಾಟಿದ್ರು, ದಾಟೋವಾಗ ಪಾರ್ಲಿಮೆಂಟಿನ ಗೆಳೆಯರೇ ಆಗಿದ್ರೂ ಕುರಿ ಬಿಟ್ಟಿಲ್ಲ. ಅದರ ದಾಖಲೆ ಬೇರೆ ಕಂತೆ, ಬೇರೆ ಕೈಬರಹ, ದಂಡಿನೋರ ಹೆಸರು ಹಳ್ಳಿಯೋರಿಗೇ ಗೊತ್ತಿಲ್ಲ, ಅಂದ್ರೆ ನನ್ನ ಎರಡನೇ ಸುತ್ತು ಅಲ್ಲಿ ಕೆಲಸ ಮಾಡಲ್ಲ. ಕುರಿ ಬೆಲೆ ಹಿಡ್ಕೊಂಡು ಶುರು ಮಾಡಿದೀನಿ, ಮೊದಲ ಹಾಳೆ ಇನ್ನೂ ಏಳು ಶಿಲಿಂಗ್ ವ್ಯತ್ಯಾಸ ತೋರಿಸ್ತಿದೆ.